ಲಾಂಛನಕ್ಕೆ ವಾಚಕಪದ: ಸುದ್ದಿಧಾರೆಗಳ ಚಿಹ್ನೆಗಳನ್ನು ಕಿವಿಗೆ ಮುಟ್ಟಿಸುವ ಕ್ರಮ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಪ್ಪ, ಆತಗೂರು ಎಂಬ ಹೋಬಳಿಗಳುಂಟು. ಇವುಗಳಲ್ಲಿ ಎರಡನೆಯದಕ್ಕೆ ಹೆಸರನ್ನಿತ್ತ ಗ್ರಾಮವೇ ಶಾಸನಜ್ಞರಲ್ಲಿ ಆತಕೂರೆಂದು ಪ್ರಸಿದ್ಧವಾಗಿರುವುದು. ಅಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವೊಂದರಲ್ಲಿ ನಾಯಿಯೂ ಕಾಡುಹಂದಿಯೂ ಹೋರಾಡುತ್ತಿರುವ ಚಿತ್ರವನ್ನು ಕೆತ್ತಿದೆ. ಚಿತ್ರವನ್ನು ಮಾತ್ರ ನೋಡಿದವನಿಗೆ ಇಷ್ಟೇ ತಿಳಿಯಬರುತ್ತದೆ: ಒಂದು ನಾಯಿ, ಒಂದು ಹಂದಿ, ಒಂದು ಕಾದಾಟ. ಅಂಥ ನಾಯಿಗಳು ನಾಡಿನಲ್ಲಿ ಎಷ್ಟೋ ಇದ್ದುವು. ಅಂಥ ಹಂದಿಗಳು ಕಾಡಿನಲ್ಲಿ ಎಷ್ಟೋ ಇದ್ದುವು. ಚಿತ್ರದೊಡನೆ ಇರುವ ಅಕ್ಷರಗಳನ್ನು ಓದಿದ ಮೇಲೆಯೇ ಆ ನಾಯಿಯ ಹೆಸರು ಕಾಳಿಯೆಂದೂ, ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಕಾಲದಲ್ಲಿ ಗಂಗ ಬೂತುಗನ ಕಡೆಯ ವೀರನಾದ ಮಣಲೆರನು ತನ್ನೊಡೆಯನಿಂದ ಮೆಚ್ಚಾಗಿ ಅದನ್ನು ಬೇಡಿ ಪಡೆದನೆಂದೂ, ಬೆಳತೂರಿನ ಬೆಟ್ಟದಲ್ಲಿ ಅದು ದೊಡ್ಡದೊಂದು ಹಂದಿಯೊಡನೆ ಸೆಣಸಲು ಎರಡೂ ಒಟ್ಟಿಗೆ ಸತ್ತುವೆಂದೂ, ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಈ ಕಲ್ಲನ್ನು ನಿಲ್ಲಿಸಿದರೆಂದೂ ವಿದಿತವಾಗುತ್ತದೆ. ಶಾಸನದ ಕಾಲ ಶಕ ೮೭೨, ಎಂದರೆ ಕ್ರಿ.ಶ. ೯೪೯-೫೦.

ಈ ಕಲ್ಲನ್ನು ಕಣ್ಣುಕಾಣದವನೊಬ್ಬನಿಗೆ ಪರಿಚಯಮಾಡಿಕೊಡಬೇಕಾದರೆ ಏನು ಹೇಳತಕ್ಕದ್ದು? “ನಾಯಿಯೂ ಹಂದಿಯೂ ಕಾದುತ್ತಿರುವ ಚಿತ್ರ” ಎಂದರೆ ಸುಳ್ಳಲ್ಲ. ಆದರೆ ಕಲ್ಲು ನಿಂತಿರುವುದು ಆ ಮಾತನ್ನು ಹೇಳುವುದಕ್ಕಲ್ಲ. “ಕಾಳಿಯ ನೆನಪಿನ ಕಲ್ಲು” ಎಂದರೆ ರೂಪದ ವಿಷಯವಾಗಿ ಏನನ್ನೂ ಹೇಳಿದಂತಾಗದು. ಆದರೂ ಕಲ್ಲಿನ ಕಾರ್ಯವು ಕೇಳಿದವನಿಗೆ ತಲುಪಿತು. ರೂಪವನ್ನು ಹೇಳುವುದು ಬೇರೆ, ರೂಪವು ಮಾಡುವ ಕಾರ್ಯವನ್ನು ಹೇಳುವುದು ಬೇರೆ. ಈ ಭೇದವೇ ಪ್ರಕೃತ ವಿಷಯಕ್ಕೆ ಮೂಲವಾದದ್ದು.

ಪ್ರಕೃತ ವಿಷಯವೆಂದರೆ, ಜಾಲದಲ್ಲಿ ಫೀಡ್ ಎಂಬ ಹೆಸರಿನಿಂದ ರೂಢಿಯಲ್ಲಿರುವ ಸುದ್ದಿಧಾರೆಗಳಲ್ಲಿ ಸಂಸ್ಥೆಗಳ ಲಾಂಛನಗಳಿಗೂ ಸಣ್ಣ ಚಿಹ್ನೆಗಳಿಗೂ ಬದಲಾಗಿ ಪದಗಳನ್ನು ಕೊಡುವ ಬಗೆ. ಪತ್ರಿಕೆ, ಇಲಾಖೆ, ಕಾರ್ಖಾನೆ, ಪರಿಷತ್ತು ಮೊದಲಾದ ಸಂಸ್ಥೆಗಳು ತಮ್ಮ ಹೊಸ ಬರಹಗಳ ತಲೆಬರಹ, ಸಾರಾಂಶ, ವಿಳಾಸಗಳನ್ನು ಗೊತ್ತಾದ ಒಂದು ಕ್ರಮದಲ್ಲಿ ಬರೆದ ಕಡತವನ್ನು ಜಾಲದಲ್ಲಿ ಇಟ್ಟಿರುತ್ತವೆ. ಓದುಗನ ಕೈಯಲ್ಲಿರುವ ತಂತ್ರಾಂಶವು ಆಗಾಗ್ಗೆ ಅದನ್ನು ತಂದು, ಹತ್ತಾರು ಕಡೆಯ ಸುದ್ದಿಗಳನ್ನು ಒಂದೇ ಪಟ್ಟಿಯಾಗಿ ಜೋಡಿಸಿಕೊಡುತ್ತದೆ. ಪಟ್ಟಿಯ ಒಂದೊಂದು ಸಾಲಿನ ಪಕ್ಕದಲ್ಲಿಯೂ ಆಯಾ ಸಂಸ್ಥೆಯ ಲಾಂಛನವು ಚಿಕ್ಕದಾಗಿ ಕಾಣುತ್ತದೆ. ಕಣ್ಣುಳ್ಳವನು ಅದನ್ನು ಕಡೆಗಣ್ಣಿನಿಂದ ನೋಡಿ ಮಾತು ಯಾರದೆಂದು ತಿಳಿಯುತ್ತಾನೆ. ಕಣ್ಣಿಲ್ಲದವನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಧ್ವನಿಯಿಂದ ಕೇಳತಕ್ಕವನು. ಧ್ವನಿಗೆ ಬೇಕಾದದ್ದು ಅಕ್ಷರ. ಚಿತ್ರದ ಹಿಂದೆ ಅಕ್ಷರವಿಲ್ಲದಿದ್ದರೆ ಅದು “ಚಿತ್ರ” ಎಂದಷ್ಟೇ ನುಡಿದು ಮುಂದೆ ಹೋಗುತ್ತದೆ. ಇಲ್ಲವೆ ಚಿತ್ರದ ಕಡತಕ್ಕೆ ಯಾರೋ ಅವಸರದಲ್ಲಿ ಇಟ್ಟ ಹೆಸರನ್ನು ಅಂಕಿಗಳ ಸಹಿತ ಅಕ್ಷರಕ್ಷರವಾಗಿ ಒಪ್ಪಿಸುತ್ತದೆ.

ಇದರಿಂದ ಆಗುವ ಹಾನಿಯೇನು, ಸುದ್ದಿ ಹೇಗೂ ಅಕ್ಷರದಲ್ಲಿಯೇ ಇದೆಯಲ್ಲ ಎಂದು ಪೂರ್ವಪಕ್ಷವು ಬರಬಹುದು. ಉತ್ತರವನ್ನು ಕೊಪ್ಪದ ಹೊಲಗದ್ದೆಗಳಲ್ಲಿಯೇ ಹುಡುಕಬಹುದು. ಅದು ಕಬ್ಬು ಬೆಳೆಯುವ ಸೀಮೆ. ಮಂಡ್ಯದಲ್ಲಿ ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪೆನಿಯ ಕಾರ್ಖಾನೆಯುಂಟು. ಕೊಪ್ಪದಲ್ಲಿಯೇ ಒಂದು ಕಾರ್ಖಾನೆಯುಂಟು. ಭಾರತೀನಗರವೆಂದು ಹೆಸರಾದ ಕೆ.ಎಂ. ದೊಡ್ಡಿಯಲ್ಲಿ ಮತ್ತೊಂದುಂಟು. ದೃಷ್ಟಿಯಿಲ್ಲದ ಬೆಳೆಗಾರನೊಬ್ಬನು ಮೊಬೈಲಿನಲ್ಲಿ ಇಂಥ ಪಟ್ಟಿಯನ್ನು ಕೇಳುತ್ತಿರುವನೆಂದು ಕಲ್ಪಿಸಿಕೊಳ್ಳೋಣ. “ಚಿತ್ರ. ಕಬ್ಬು ಅರೆಯುವಿಕೆ ಸೋಮವಾರದಿಂದ ಆರಂಭ” ಎಂಬುದು ಅವನ ಕಿವಿಗೆ ಬಿದ್ದರೆ ಯಾವ ಕಾರ್ಖಾನೆಯಲ್ಲಿ ಎಂಬುದು ತಿಳಿಯುವುದಿಲ್ಲ. ವಾಕ್ಯದ ಕರ್ತೃಪದವು ಚಿತ್ರದೊಳಗೆ ಅಡಗಿಹೋಗಿದೆ. ಕಟಾವಿನ ಆಳುಗಳನ್ನು ಗೊತ್ತುಮಾಡುವುದೂ ಗಾಡಿಗೆ ಹೇಳಿಕಳುಹಿಸುವುದೂ ಆ ಒಂದು ಪದವನ್ನು ಅವಲಂಬಿಸಿವೆ. ಪಟ್ಟಿಯು ಒಂದೇ ಸಂಸ್ಥೆಯದಾಗಿದ್ದರೆ ಲಾಂಛನವು ಮೌನವಾಗಿದ್ದರೂ ನಡೆಯುತ್ತಿತ್ತು. ಅನೇಕ ಸಂಸ್ಥೆಗಳ ಮಾತುಗಳು ಬೆರೆಯುವಲ್ಲಿ ಲಾಂಛನವು ಅಲಂಕಾರವಲ್ಲ, ವಾಕ್ಯಾಂಗವೇ ಆಗುತ್ತದೆ.

ಹಾಗಾದರೆ ಲಾಂಛನಕ್ಕೆ ಬದಲಾಗಿ ಯಾವ ಪದವನ್ನು ಇಡತಕ್ಕದ್ದು? ಇಲ್ಲಿ ಶಬ್ದಶಾಸ್ತ್ರದ ಹಳೆಯ ವಿಚಾರವೊಂದು ಸಹಾಯಕ್ಕೆ ಬರುತ್ತದೆ. “ಪಂಕಜ” ಎಂಬ ಪದವನ್ನು ಬಿಡಿಸಿದರೆ ಕೆಸರಿನಲ್ಲಿ ಹುಟ್ಟಿದ್ದು ಎಂದಾಗುತ್ತದೆ. ಆದರೆ ಕೆಸರಿನಲ್ಲಿ ಹುಟ್ಟುವ ಹುಳುವನ್ನಾಗಲಿ ಹುಲ್ಲನ್ನಾಗಲಿ ಯಾರೂ ಪಂಕಜವೆನ್ನುವುದಿಲ್ಲ. ಅವಯವಗಳ ಅರ್ಥವಿದ್ದರೂ ರೂಢಿಯು ಅದನ್ನು ತಾವರೆಯಲ್ಲಿ ನಿಲ್ಲಿಸಿದೆ. ಆದುದರಿಂದಲೇ ಅದು ಯೋಗರೂಢವೆನಿಸಿಕೊಂಡಿತು. ಲಾಂಛನಗಳೂ ಹೀಗೆಯೇ. ಬಾದಾಮಿಯ ಚಾಳುಕ್ಯರ ವರಾಹ, ರಾಷ್ಟ್ರಕೂಟರ ಗರುಡ, ತಲಕಾಡಿನ ಗಂಗರ ತಾಮ್ರಪಟಗಳ ಮುದ್ರೆಯ ಆನೆ, ಇವೆಲ್ಲವೂ ಅವಯವದಿಂದ ಪ್ರಾಣಿಗಳು, ರೂಢಿಯಿಂದ ವಂಶಗಳು. ಗಂಗರ ಮುದ್ರೆಯನ್ನು ನೋಡಿ “ಆನೆ” ಎಂದಷ್ಟೇ ಓದುವವನು ಪಂಕಜವೆಂಬಲ್ಲಿ ಕೆಸರನ್ನು ಹಿಡಿದವನಂತೆ.

ಕರ್ನಾಟಕ ಸರ್ಕಾರದ ಲಾಂಛನವನ್ನೇ ತೆಗೆದುಕೊಳ್ಳಬಹುದು. ಕೆಂಪು ಫಲಕದ ಮೇಲೆ ಎರಡು ತಲೆಯ ಗಂಡಭೇರುಂಡ, ಎರಡು ಪಕ್ಕಗಳಲ್ಲಿ ಆನೆಯ ಮುಖವೂ ಸಿಂಹದ ಮೈಯೂ ಉಳ್ಳ ಮೃಗಗಳು, ಮೇಲೆ ಅಶೋಕಸ್ತಂಭದ ಸಿಂಹಗಳು, ಕೆಳಗೆ “ಸತ್ಯಮೇವ ಜಯತೇ” ಎಂಬ ಅಕ್ಷರಗಳು. ಸರ್ಕಾರದ ಇಲಾಖೆಯೊಂದರ ಸುದ್ದಿಧಾರೆಯಲ್ಲಿ ಈ ಲಾಂಛನಕ್ಕೆ ಇಡತಕ್ಕ ವಾಚಕಪದವು “ಕರ್ನಾಟಕ ಸರ್ಕಾರ” ಎಂಬ ಎರಡೇ ಪದಗಳು, ಅಥವಾ ಇಲಾಖೆಯ ಹೆಸರು. ಗಂಡಭೇರುಂಡದ ವರ್ಣನೆಯು ಅಲ್ಲಿ ಅಪ್ರಕೃತ. ಪ್ರತಿಯೊಂದು ಸುದ್ದಿಯ ಮುಂದೆಯೂ ಎರಡು ತಲೆಯ ಹಕ್ಕಿಯ ವರ್ಣನೆಯನ್ನು ಕೇಳಬೇಕಾದವನು ಮೂರನೆಯ ಸಲಕ್ಕೆ ಧ್ವನಿಯನ್ನು ನಿಲ್ಲಿಸುವನು. ಆದರೆ ಅದೇ ಧಾರೆಯಲ್ಲಿ “ರಾಜ್ಯಲಾಂಛನದ ಇತಿಹಾಸ” ಎಂಬ ಲೇಖನವು ಬಂದರೆ, ಅದರೊಳಗಿನ ಅದೇ ಚಿತ್ರಕ್ಕೆ ಪೂರ್ಣವಾದ ವರ್ಣನೆಯೇ ಬೇಕು. ಅಲ್ಲಿ ರೂಪವೇ ವಿಷಯವಾಗಿದೆ. ಚಿತ್ರ ಒಂದೇ, ಪ್ರಕರಣ ಬೇರೆ, ಆದುದರಿಂದ ಪದ ಬೇರೆ. ಇಂಥ ಚಿತ್ರಕ್ಕೆ ಇಂಥದೇ ಪದವೆಂದು ಕೋಶವನ್ನು ಕಟ್ಟಿ ಯಂತ್ರಕ್ಕೆ ಒಪ್ಪಿಸಿಬಿಡುವೆನೆನ್ನುವವರು ಈ ಸ್ಥಳದಲ್ಲಿ ಎಡವುತ್ತಾರೆ.

ಸಣ್ಣ ಚಿಹ್ನೆಗಳ ವಿಷಯದಲ್ಲಿ ಈ ದೋಷವು ಇನ್ನೂ ಹೆಚ್ಚು. ಹುಡುಕುವ ಗುಂಡಿಯ ಮೇಲೆ ಭೂತಗನ್ನಡಿಯ ಚಿತ್ರವಿರುತ್ತದೆ. ಅದಕ್ಕೆ “ಭೂತಗನ್ನಡಿ” ಎಂದು ಪದವನ್ನಿಟ್ಟರೆ ಕೇಳಿದವನು ಅದನ್ನು ಒತ್ತಿದರೆ ಅಕ್ಷರ ದೊಡ್ಡದಾಗುವುದೆಂದೇ ತಿಳಿಯುವನು. “ಹುಡುಕಿ” ಎಂಬುದೇ ಸರಿಯಾದ ಪದ. ಒಂದರ ಕೆಳಗೊಂದಾದ ಮೂರು ಗೆರೆಗಳಿಗೆ “ಮೂರು ಗೆರೆ” ಎನ್ನದೆ “ಪರಿವಿಡಿ” ಎನ್ನತಕ್ಕದ್ದು. ಸುದ್ದಿಧಾರೆಗೇ ಒಂದು ಚಿಹ್ನೆಯುಂಟು: ಕಿತ್ತಳೆ ಬಣ್ಣದ ಚೌಕದಲ್ಲಿ ಒಂದು ಚುಕ್ಕೆಯೂ ಅದರಿಂದ ಹೊರಡುವ ಎರಡು ಕಮಾನುಗಳೂ. ಫೈರ್‌ಫಾಕ್ಸ್ ಎಂಬ ಜಾಲವೀಕ್ಷಕದಲ್ಲಿ ಮೊದಲು ಬಳಕೆಗೆ ಬಂದ ಈ ಚಿಹ್ನೆಯನ್ನು ೨೦೦೫ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪೆನಿಯೂ ಅಂಗೀಕರಿಸಿತು. ಇದರ ವಾಚಕಪದವು “ಈ ಸುದ್ದಿಧಾರೆಗೆ ಚಂದಾದಾರರಾಗಿ” ಎಂದಾಗಬೇಕೇ ಹೊರತು ಚೌಕ ಕಮಾನುಗಳ ವರ್ಣನೆಯಾಗಬಾರದು. ಲಾಂಛನವು ನಾಮಪದದಂತೆ; ಗುಂಡಿಯ ಚಿಹ್ನೆಯು ಕ್ರಿಯಾಪದದಂತೆ. ನಾಮಕ್ಕೆ ನಾಮವನ್ನೂ ಕ್ರಿಯೆಗೆ ಕ್ರಿಯೆಯನ್ನೂ ಇಡುವುದು ಉಚಿತ.

ಇನ್ನು ಈ ಪದಗಳನ್ನು ಬರೆಯತಕ್ಕ ಸ್ಥಳ ಯಾವುದೆಂಬ ವಿಚಾರ. ಸಾಮಾನ್ಯವಾದ ಜಾಲಪುಟದಲ್ಲಿ ಚಿತ್ರದೊಡನೆ “ಆಲ್ಟ್” ಎಂಬ ಗುಣದಲ್ಲಿ ಬದಲಿಪದವನ್ನು ಬರೆಯುವ ಏರ್ಪಾಡು ಬಹು ಹಿಂದಿನಿಂದಲೂ ಇದೆ; ೧೯೯೯ರ ಮೇ ತಿಂಗಳಿನಲ್ಲಿ ಹೊರಟ ಜಾಲಸುಗಮತೆಯ ಮಾರ್ಗಸೂತ್ರಗಳಲ್ಲಿ ಮೊದಲನೆಯ ಸೂತ್ರವೇ ಚಿತ್ರಾದಿಗಳಿಗೆ ಸಮಾನವಾದ ಪಠ್ಯವನ್ನು ಕೊಡತಕ್ಕದ್ದೆಂಬುದು. ಸುದ್ದಿಧಾರೆಗಳಲ್ಲಿ ಮಾತ್ರ ಒಂದೊಂದು ಸಂಪ್ರದಾಯವು ಒಂದೊಂದು ರೀತಿಯಾಗಿದೆ. ಆರ್‌ಎಸ್‌ಎಸ್ ಎಂಬುದರ ಎರಡನೆಯ ಆವೃತ್ತಿಯು ೨೦೦೨ರಲ್ಲಿ ಹೊರಟಿತು. ಅದರಲ್ಲಿ ಧಾರೆಯ ಲಾಂಛನಕ್ಕೆ “ಇಮೇಜ್” ಎಂಬ ಅಂಗವುಂಟು; ಅದರೊಳಗೆ ಚಿತ್ರದ ವಿಳಾಸ, ಶೀರ್ಷಿಕೆ, ಸಂಸ್ಥೆಯ ತಾಣದ ಕೊಂಡಿ ಎಂಬ ಮೂರೂ ಇರಲೇಬೇಕು. ಈ ಶೀರ್ಷಿಕೆಯೇ ಚಿತ್ರದ ಬದಲಿಪದವಾಗಿ ಉಪಯೋಗಕ್ಕೆ ಬರತಕ್ಕದ್ದೆಂದು ಆ ನಿಬಂಧನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ರೂಢಿಯಲ್ಲಿ ಅದು ಧಾರೆಯ ಶೀರ್ಷಿಕೆಯೇ ಆಗಿರಬೇಕೆಂದೂ ಸೂಚಿಸಿದೆ. ಲಾಂಛನಕ್ಕೆ ಹೆಸರನ್ನು ಕಡ್ಡಾಯಮಾಡಿದ ಈ ಕ್ರಮವು ಶ್ಲಾಘ್ಯವಾದದ್ದು.

೨೦೦೫ರ ಡಿಸೆಂಬರಿನಲ್ಲಿ ಪ್ರಕಟವಾದ ಆಟಮ್ ಎಂಬ ಸಂಪ್ರದಾಯವು ಇತರ ವಿಷಯಗಳಲ್ಲಿ ಹೆಚ್ಚು ಶುದ್ಧವಾದರೂ ಈ ವಿಷಯದಲ್ಲಿ ಹಿಂದೆ ಬಿದ್ದಿದೆ. ಅದರಲ್ಲಿ “ಐಕಾನ್”, “ಲೋಗೋ” ಎಂಬ ಎರಡು ಅಂಗಗಳುಂಟು. ಮೊದಲನೆಯದು ಅಗಲ ಎತ್ತರಗಳು ಸಮನಾದ ಚಿಕ್ಕ ಚಿತ್ರ. ಎರಡನೆಯದು ಅಗಲವು ಎತ್ತರದ ಎರಡರಷ್ಟಿರುವ ಚಿತ್ರ. ಆಕಾರದ ಪ್ರಮಾಣವನ್ನು ಇಷ್ಟು ಎಚ್ಚರಿಕೆಯಿಂದ ಹೇಳಿದವರು ಪದವನ್ನು ಬರೆಯುವುದಕ್ಕೆ ಅಲ್ಲಿ ಜಾಗವನ್ನೇ ಬಿಟ್ಟಿಲ್ಲ. ಒಳಗೆ ಚಿತ್ರದ ವಿಳಾಸವೊಂದೇ ಇರತಕ್ಕದ್ದು. ೨೦೧೭ರಲ್ಲಿ ಹೊರಟ ಜೇಸನ್ ಫೀಡ್ ಎಂಬುದರ ಎರಡು ಬಗೆಯ ಐಕಾನುಗಳಿಗೂ ಇದೇ ಅವಸ್ಥೆ.

ಹೀಗಿರಲು ಆಟಮ್ ಕ್ರಮದಲ್ಲಿ ಧಾರೆಯನ್ನು ಹೊರಡಿಸುವವನು ಮಾಡತಕ್ಕದ್ದೇನು? ಲಾಂಛನಕ್ಕೆ ಪ್ರತ್ಯೇಕವಾಗಿ ಪದವನ್ನು ಕೊಡಲಾಗದಿದ್ದರೂ ಧಾರೆಗೆ ಶೀರ್ಷಿಕೆಯನ್ನು ಕೊಡುವುದು ಅಲ್ಲಿಯೂ ಕಡ್ಡಾಯವೇ ಆಗಿದೆ. ಆದುದರಿಂದ ಓದುಗನ ತಂತ್ರಾಂಶವು ಆ ಶೀರ್ಷಿಕೆಯನ್ನೇ ಲಾಂಛನದ ವಾಚಕವಾಗಿ ಎತ್ತಿಕೊಳ್ಳಬೇಕಾಗುತ್ತದೆ. ಇದರಿಂದ ಹೊರಡುವ ನಿಯಮವೊಂದುಂಟು: ಶೀರ್ಷಿಕೆಯಲ್ಲಿಯಾಗಲಿ ಉಪಶೀರ್ಷಿಕೆಯಲ್ಲಿಯಾಗಲಿ ಇಲ್ಲದ ಯಾವ ವಿಷಯವನ್ನೂ ಲಾಂಛನದೊಳಗೆ ಇಡಬಾರದು. ಸಂಸ್ಥೆಗಳು ಸುವರ್ಣಮಹೋತ್ಸವ ಬಂದಾಗ ಲಾಂಛನದ ಮೂಲೆಯಲ್ಲಿ ೫೦ ಎಂದು ಬರೆಯಿಸುವುದುಂಟು. ಶಾಖೆಯ ಊರನ್ನು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸುವುದುಂಟು. ಶೀರ್ಷಿಕೆಯು ಬರಿದೆ “ಸುದ್ದಿಗಳು” ಎಂದಿದ್ದು ಊರೂ ಹೆಸರೂ ಚಿತ್ರದಲ್ಲಿಯೇ ಉಳಿದರೆ, ಯಾವ ತಂತ್ರಾಂಶವೂ ಅದನ್ನು ಹೊರಗೆ ತೆಗೆಯಲಾರದು. “ಸುದ್ದಿಗಳು” ಎಂಬ ಶೀರ್ಷಿಕೆಯಷ್ಟು ಅಪ್ರಯೋಜಕವಾದದ್ದು ಮತ್ತೊಂದಿಲ್ಲ. ಹತ್ತು ಧಾರೆಗಳು ಕೂಡಿದ ಪಟ್ಟಿಯಲ್ಲಿ ಅದು ಹತ್ತರಲ್ಲಿ ಯಾವುದೂ ಆಗಬಹುದು.

ಊರಿನ ಹೆಸರೂ ಪೂರ್ಣವಾಗಿರುವುದು ಲೇಸು. ಕೊಪ್ಪವೆಂದರೆ ಕನ್ನಡದಲ್ಲಿ ಚಿಕ್ಕ ಹಳ್ಳಿ. ಆದುದರಿಂದಲೇ ನಾಡಿನಲ್ಲಿ ಕೊಪ್ಪಗಳು ಅನೇಕ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪವು ತಾಲ್ಲೂಕಿನ ಕೇಂದ್ರವಾಗಿ ಹೆಸರಾದದ್ದು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕುಶಾಲನಗರದ ಸಮೀಪಕ್ಕೆ ಒಂದು ಕೊಪ್ಪವುಂಟು. ಮದ್ದೂರು ತಾಲ್ಲೂಕಿನದು ಮೂರನೆಯದು. ಕಣ್ಣುಳ್ಳವನು ಲಾಂಛನದಲ್ಲಿ ಕಬ್ಬಿನ ಜಲ್ಲೆಯನ್ನೋ ಅಡಕೆಯ ಮರವನ್ನೋ ಕಂಡು ಬಯಲುಸೀಮೆಯದು, ಮಲೆನಾಡಿನದು ಎಂದು ಊಹಿಸಬಹುದು. ಧ್ವನಿಯಲ್ಲಿ “ಕೊಪ್ಪ ಕೃಷಿ ಸಹಕಾರ ಸಂಘ” ಎಂದು ಕೇಳಿದವನಿಗೆ ಆ ಆಧಾರವಿಲ್ಲ. “ಕೊಪ್ಪ, ಮದ್ದೂರು ತಾಲ್ಲೂಕು” ಎಂದು ಎರಡು ಪದಗಳನ್ನು ಹೆಚ್ಚಾಗಿ ಬರೆದರೆ ಕೆಟ್ಟುಹೋಗುವುದೇನೂ ಇಲ್ಲ.

ಹೆಚ್ಚು ಹೇಳುವುದೂ ದೋಷವೇ ಆಗುವ ಸಂದರ್ಭಗಳುಂಟು. ಪಟ್ಟಿಯಲ್ಲಿ ಲಾಂಛನದ ಪಕ್ಕದಲ್ಲಿಯೇ ಸಂಸ್ಥೆಯ ಹೆಸರು ಅಕ್ಷರಗಳಲ್ಲಿ ಕಾಣುತ್ತಿದ್ದರೆ, ಚಿತ್ರಕ್ಕೂ ಅದೇ ಹೆಸರಿರುವ ಪಕ್ಷದಲ್ಲಿ ಧ್ವನಿಯು “ಕನ್ನಡ ಸಾಹಿತ್ಯ ಪರಿಷತ್ತು, ಕನ್ನಡ ಸಾಹಿತ್ಯ ಪರಿಷತ್ತು” ಎಂದು ಎರಡು ಸಲ ನುಡಿಯುತ್ತದೆ. ಇದು ಪುನರುಕ್ತಿ. ಆಲಂಕಾರಿಕರು ಇದನ್ನು ಕಾವ್ಯದೋಷಗಳಲ್ಲಿ ಎಣಿಸಿರುವರು. ಸುದ್ದಿಯನ್ನು ದಿನವೂ ಕೇಳಬೇಕಾದವನಿಗೆ ಇದು ಕಾವ್ಯದೋಷಕ್ಕಿಂತಲೂ ಕಠಿನವಾದದ್ದು. ಅಂಥ ಸ್ಥಳದಲ್ಲಿ ಚಿತ್ರದ ಬದಲಿಪದವನ್ನು ಬೇಕೆಂದೇ ಶೂನ್ಯವಾಗಿ ಇಡತಕ್ಕದ್ದು. ಆಗ ಧ್ವನಿಯು ಚಿತ್ರವನ್ನು ದಾಟಿ ಹೋಗುತ್ತದೆ. ಶೂನ್ಯವಾಗಿ ಇಡುವುದು ಬೇರೆ, ಇಡುವುದನ್ನೇ ಮರೆಯುವುದು ಬೇರೆ. ಪಾಣಿನಿಯ ಶಾಸ್ತ್ರದಲ್ಲಿ ಲೋಪವು ವಿಧಿಸಿದ ಅದರ್ಶನವಾಗಿರುವಂತೆ ಇದೂ ವಿಧಿಸಿದ ಮೌನ. ಮರೆತಲ್ಲಿ ಮಾತ್ರ ಯಂತ್ರವು ಕಡತದ ಹೆಸರನ್ನು ಹುಡುಕಿ ಓದಲು ತೊಡಗುತ್ತದೆ. ನಮ್ಮ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿರುವುದು ದತ್ತಿಯು ಆಚಂದ್ರಾರ್ಕವಾಗಿ ನಡೆಯಲೆಂಬ ಭಾವದಿಂದ. ಶಾಸನದ ಪಾಠದಲ್ಲಿಯೇ ಆ ಮಾತು ಬಂದಿದ್ದರೆ ಸಾಮಾನ್ಯ ಓದುಗನಿಗೆ ಚಿತ್ರವನ್ನು ಮತ್ತೆ ಹೇಳಬೇಕಾದ್ದಿಲ್ಲ. ಶಿಲ್ಪವನ್ನು ಪರಿಶೀಲಿಸುವವನಿಗಾದರೆ ಹೇಳಲೇಬೇಕು.

ಮೌನವಹಿಸುವ ಅಧಿಕಾರ ಯಾರದು ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಧಾರೆಯನ್ನು ಹೊರಡಿಸುವವನಿಗೆ ತನ್ನ ಲಾಂಛನವು ಯಾರ ತಂತ್ರಾಂಶದಲ್ಲಿ, ಯಾವ ಹೆಸರಿನ ಪಕ್ಕದಲ್ಲಿ ನಿಲ್ಲುವುದೋ ತಿಳಿಯದು. ಆದುದರಿಂದ ಅವನು ಹೆಸರನ್ನು ಯಾವಾಗಲೂ ಕೊಡತಕ್ಕದ್ದು; ಪಕ್ಕದಲ್ಲಿ ಹೆಸರು ಕಾಣುತ್ತಿದೆಯೇ ಇಲ್ಲವೇ ಎಂಬುದನ್ನು ನೋಡಿ ನುಡಿಸುವುದೂ ಬಿಡುವುದೂ ತಂತ್ರಾಂಶವನ್ನು ರಚಿಸುವವನ ಹೊಣೆ. ಈ ವಿಭಾಗವನ್ನು ಮರೆತು, ಪುನರುಕ್ತಿಗೆ ಹೆದರಿ ಮೂಲದಲ್ಲಿಯೇ ಹೆಸರನ್ನು ಅಳಿಸುವುದು ಅವಿವೇಕ.

ಕನ್ನಡಕ್ಕೇ ಸೇರಿದ ತೊಡಕುಗಳೂ ಕೆಲವುಂಟು. ಧಾರೆಯ ಭಾಷೆ ಕನ್ನಡವೆಂಬ ಸೂಚನೆಯು ಕಡತದಲ್ಲಿ ಇಲ್ಲದಿದ್ದರೆ ಧ್ವನಿಯಂತ್ರವು ಬೇರೆ ಭಾಷೆಯ ನಾಲಗೆಯಿಂದ ಓದಲು ಹೊರಡಬಹುದು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಬೆರಳಚ್ಚು ಬಹುಮಟ್ಟಿಗೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ನಡೆಯುತ್ತಿತ್ತು. ಅವುಗಳಲ್ಲಿ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿರುತ್ತದೆ. ಹಳೆಯ ಕಡತದಿಂದ ಸಂಸ್ಥೆಯ ಹೆಸರನ್ನು ಹಾಗೆಯೇ ಎತ್ತಿ ಶೀರ್ಷಿಕೆಯಲ್ಲಿ ಅಂಟಿಸಿದರೆ ಕೇಳುವವನಿಗೆ ಒಂದಕ್ಷರವೂ ತಿಳಿಯದು. ಸಂಕ್ಷೇಪಗಳ ವಿಷಯವೂ ಹೀಗೆಯೇ. ಲಾಂಛನದಲ್ಲಿ ಸಂಕ್ಷೇಪಾಕ್ಷರಗಳಷ್ಟೇ ಇದ್ದರೂ ವಾಚಕಪದದಲ್ಲಿ “ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ” ಎಂದು ಬಿಡಿಸಿಯೇ ಬರೆಯತಕ್ಕದ್ದು. “ಲೋಗೋ”, “ಚಿತ್ರ” ಎಂಬ ಪದಗಳನ್ನು ಹೆಸರಿನ ಹಿಂದೆ ಸೇರಿಸಬೇಕಾದ್ದಿಲ್ಲ. ಅದು ಚಿತ್ರವೆಂಬುದನ್ನು ಧ್ವನಿಯಂತ್ರವು ತಾನಾಗಿಯೇ ಹೇಳುತ್ತದೆ.

ಈಚೆಗೆ ಚಿತ್ರವನ್ನು ನೋಡಿ ತಾನೇ ವರ್ಣಿಸುವ ಯಂತ್ರಗಳು ಬಂದಿರುವುವಲ್ಲ, ಈ ಶ್ರಮವೆಲ್ಲ ಏಕೆ ಎಂಬ ಇನ್ನೊಂದು ಆಕ್ಷೇಪವುಂಟು. ಆ ಯಂತ್ರಗಳು ರೂಪವನ್ನು ಹೇಳಬಲ್ಲವು. ಲೋಕಪ್ರಸಿದ್ಧವಾದ ಲಾಂಛನಗಳನ್ನು ಗುರುತಿಸಲೂ ಬಲ್ಲವು. ಆದರೆ ರೂಢಾರ್ಥವು ರೂಪದಲ್ಲಿ ಇರುವುದಲ್ಲ, ಜನರ ಸಂಕೇತದಲ್ಲಿ ಇರುವುದು. ಹಳ್ಳಿಯ ಸಹಕಾರ ಸಂಘವೊಂದರ ತೆನೆ ನೇಗಿಲುಗಳ ಚಿತ್ರವನ್ನು ನೋಡಿ ಅದು ಯಾವ ಊರಿನ ಸಂಘವೆಂದು ಯಂತ್ರವು ಹೇಗೆ ತಾನೆ ತಿಳಿಯಬೇಕು? ಕಾಳಿಯ ಕಲ್ಲಿನ ಚಿತ್ರವನ್ನು ಅದರ ಮುಂದೆ ಇಟ್ಟರೂ ನಾಯಿ ಹಂದಿಗಳನ್ನಷ್ಟೇ ಕಂಡೀತು.

ವಾಚಕಪದವು ಪ್ರಮಾಣವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. “ಕರ್ನಾಟಕ ಸರ್ಕಾರ” ಎಂದು ಧ್ವನಿಯು ನುಡಿದ ಮಾತ್ರಕ್ಕೆ ಸುದ್ದಿಯು ಸರ್ಕಾರದ್ದೇ ಎಂದು ಸಿದ್ಧವಾಗದು. ಆ ಅಕ್ಷರಗಳನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಚಿತ್ರವನ್ನೂ ಯಾರು ಬೇಕಾದರೂ ಅಂಟಿಸಬಹುದಷ್ಟೆ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಮಹಾಶಯರು ಕೂಟಶಾಸನಗಳೆಂದು ತಳ್ಳಿಹಾಕಿದರು. ಮುದ್ರೆಯಿದ್ದ ಮಾತ್ರಕ್ಕೆ ಶಾಸನವು ಸಾಚಾ ಆಗಲಿಲ್ಲ. ಕಣ್ಣುಳ್ಳವನಿಗೆ ಲಾಂಛನದಿಂದ ಎಷ್ಟು ತಿಳಿಯುವುದೋ ಅಷ್ಟು ಕಣ್ಣಿಲ್ಲದವನಿಗೂ ತಿಳಿಯಬೇಕು, ಇಷ್ಟೇ ಇಲ್ಲಿಯ ಉದ್ದೇಶ. ಸತ್ಯಾಸತ್ಯಗಳ ಪರೀಕ್ಷೆಗೆ ಇಬ್ಬರೂ ವಿಳಾಸವನ್ನೇ ನೋಡಬೇಕು.

ಇದು ದಯೆಯ ಮಾತಾಗಿ ಉಳಿದಿಲ್ಲ. ೨೦೧೬ರ ವಿಕಲಾಂಗರ ಹಕ್ಕುಗಳ ಅಧಿನಿಯಮದ ೪೨ನೆಯ ಪ್ರಕರಣವು ವಿದ್ಯುನ್ಮಾಧ್ಯಮಗಳ ವಿಷಯವೆಲ್ಲವೂ ಅವರಿಗೆ ಸುಗಮವಾದ ರೂಪದಲ್ಲಿ ದೊರೆಯುವಂತೆ ಮಾಡತಕ್ಕ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸುಗಮತೆಯ ನಿಯಮಗಳು ಬರಿಯ ಸಲಹೆಗಳಾಗಿರಲಾಗದು, ಕಡ್ಡಾಯವಾಗಿರಬೇಕು ಎಂದು ನಿರ್ಣಯಿಸಿತು. ೨೦೨೫ರ ಏಪ್ರಿಲಿನ ಮತ್ತೊಂದು ತೀರ್ಪಿನಲ್ಲಿ ಇಂಥ ಸೌಲಭ್ಯವನ್ನು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಡನೆ ಸೇರಿಸಿ ಹೇಳಿತು.

ಕೊನೆಯದಾಗಿ ಹೆಸರು ಬದಲಾಗುವ ಸಂದರ್ಭವೊಂದುಳಿದಿದೆ. ಸಂಸ್ಥೆಯು ಲಾಂಛನವನ್ನು ಮಾತ್ರ ಹೊಸದು ಮಾಡಿಕೊಂಡರೆ ವಾಚಕಪದವನ್ನು ಮುಟ್ಟಬೇಕಾದ್ದಿಲ್ಲ. ರೂಪ ಹೋಯಿತು, ರೂಢಿ ಉಳಿಯಿತು. ಹೆಸರೇ ಬದಲಾದರೆ ಧಾರೆಯ ಶೀರ್ಷಿಕೆಯನ್ನೂ ಲಾಂಛನದ ಶೀರ್ಷಿಕೆಯನ್ನೂ ಅದೇ ದಿವಸ ಒಟ್ಟಿಗೆ ತಿದ್ದತಕ್ಕದ್ದು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಧ್ವನಿಯು ಒಂದೇ ಸಂಸ್ಥೆಯನ್ನು ಎರಡಾಗಿ ಕೇಳಿಸುತ್ತದೆ. ಹಳೆಯ ಸುದ್ದಿಗಳ ಒಳಗೆ ಬಂದಿರುವ ಹಳೆಯ ಲಾಂಛನಗಳಿಗೆ ಹಳೆಯ ಹೆಸರೇ ಇರತಕ್ಕದ್ದು. ೧೯೭೩ರ ನವೆಂಬರ್ ಒಂದಕ್ಕೆ ಮೊದಲು ಹೊರಟ ಆಜ್ಞಾಪತ್ರವೊಂದರ ನೆತ್ತಿಯ ಗಂಡಭೇರುಂಡವನ್ನು ಇಂದು ಧಾರೆಯಲ್ಲಿ ಪ್ರಕಟಿಸುವವರು ಅದರ ಕೆಳಗೆ “ಮೈಸೂರು ಸರ್ಕಾರ” ಎಂದೇ ಬರೆಯಬೇಕು.